ಕಾಲಲ್ಲಿ ತುಳಿಯುವ ಶಿಫ್ಟ್

ಆಕೆ ನನ್ನ ಅಂಗಡಿಗೆ ಮೊದಲ ಸಲ ಬಂದಾಗ ಜೊತೆಯಲ್ಲಿ ಯಾವ ಮೆಷಿನ್ನನ್ನೂ ತಂದಿರಲಿಲ್ಲ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಟೈಪಿಂಗ್ ಇನ್ಸ್ಟಿಟ್ಯೂಟಿನ ಮೆಟ್ಟಿಲ ಕೆಳಗಿನ ಜಾಗದಲ್ಲಿ ನಾನು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಕೆ ಮಹಡಿಯಿಂದ ಇಳಿದು ಬಂದು ಬಾಗಿಲಲ್ಲಿ ನಿಂತು, ಮೇಲಿರುವ ಕನ್ನಡ ಮೆಷಿನ್ನುಗಳಲ್ಲಿ ಯಾವುದಾದರೂ ಒಂದರ ಶಿಫ್ಟ್ ಕೀಯನ್ನು ಹಗುರ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಮೂವತ್ತೈದರ ಆಸುಪಾಸಿನ ಹೆಂಗಸು. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು.

ಮೆಷಿನ್ನುಗಳು ಇನ್ಸ್ಟಿಟ್ಯೂಟಿನವು, ಯಜಮಾನರನ್ನು ಕೇಳದೆ ನಾನು ಮುಟ್ಟುವ ಹಾಗಿಲ್ಲ ಎಂದೆ. ಕೇಳಿಯಾಯಿತು, ಬೇಡ ಅಂದರು ಎಂದರು. ಯಾಕೆ ಭಾರವಾಗುತ್ತದೆ ಎಂದು ಕೇಳಿದ್ದಕ್ಕೆ ಸೆರಗಿನಿಂದ ಕೈ ಹೊರಗೆ ತೆಗೆದರು. ಉಂಗುರದ ಬೆರಳು ಮತ್ತು ಕಿರುಬೆರಳು ಅಂಗೈ ಕಡೆಗೆ ಬಾಗಿ ಹಾಗೆಯೇ ನಿಂತುಬಿಟ್ಟಿದ್ದವು. ಮದುವೆಗೆ ಮೊದಲು ತೆಂಗಿನ ನಾರಿನ ಮಿಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ನಾರು ಬಿಡಿಸುವ ಯಂತ್ರಕ್ಕೆ ಕೈ ಸಿಕ್ಕಿ ಆದದ್ದಂತೆ. ಮೂಳೆ ಕೂಡಿಕೊಂಡಿತ್ತು, ನೆಟ್ಟಗಾಗಿರಲಿಲ್ಲ.

ಉಳಿದ ವಿಷಯ ಅವತ್ತೇ ತಿಳಿಯಿತು. ಆಕೆಯ ಗಂಡ ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದವರು, ಕಾಮಾಲೆಯಾಗಿ ತೀರಿಕೊಂಡಿದ್ದರು. ಅನುಕಂಪದ ಆಧಾರದ ಮೇಲೆ ಕೆಲಸ ಈಕೆಗೆ ಬಂತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರಿಂದ ಟೈಪಿಸ್ಟ್ ಹುದ್ದೆ ಸಿಕ್ಕಿತು. ಆದರೆ ಗೊತ್ತುಮಾಡಿದ ಅವಧಿಯೊಳಗೆ ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗಬೇಕು. ಎರಡು ಸಲ ಕೂತು ಎರಡು ಸಲವೂ ಫೇಲಾಗಿದ್ದರು. ಅವಧಿ ಮುಗಿದು, ಒಂದು ವರ್ಷ ಹೆಚ್ಚಿಗೆ ಕೊಟ್ಟಿದ್ದರು. ಆ ವರ್ಷದಲ್ಲಿ ಇನ್ನು ಎರಡು ಪರೀಕ್ಷೆ ಬಾಕಿ.

ಕೈಯ ವಿಷಯ ಕಚೇರಿಗೆ ತಿಳಿಸಿ ಡಾಕ್ಟರ ಸರ್ಟಿಫಿಕೇಟ್ ಕೊಡಬಹುದಲ್ಲ ಎಂದೆ. ಆಕೆ ತಲೆಯಾಡಿಸಿದರು. "ಕೈ ಸರಿಯಿಲ್ಲ ಅಂತ ಬರ್ಕೊಟ್ರೆ, ಟೈಪಿಸ್ಟ್ ಕೆಲ್ಸಕ್ಕೆ ಕೈಯೇ ಇಲ್ವಲ್ಲ ಅಂತಾರೆ ಸಾರ್" ಎಂದರು.

ಇಂಗ್ಲಿಷ್ ಮೆಷಿನ್ನಿನಲ್ಲಿ ವಾಕ್ಯಕ್ಕೊಂದು ಸಲ ಶಿಫ್ಟ್ ಒತ್ತಿದರೆ ಹೆಚ್ಚು. ಕನ್ನಡದಲ್ಲಿ ಹಾಗಲ್ಲ. ಒಂದೊಂದು ಕೀಯಲ್ಲಿ ಎರಡೆರಡು ಅಕ್ಷರ ತುಂಬಿರುವುದರಿಂದ ಶಿಫ್ಟ್ ಇಲ್ಲದೆ ಎರಡು ಪದ ಮುಂದಕ್ಕೆ ಹೋಗುವುದಿಲ್ಲ. ಬಲಗೈ ಅಕ್ಷರ ಹೊಡೆಯುವಾಗ ಎಡಗೈಯ ಕಿರುಬೆರಳು ಶಿಫ್ಟನ್ನು ಒತ್ತಿ ಹಿಡಿದಿರಬೇಕು. ಒತ್ತಿದಾಗ ಕಾಗದ ಸುತ್ತಿಕೊಂಡಿರುವ ರೋಲರಿನ ಸಮೇತ ಇಡೀ ಕ್ಯಾರೇಜು ಮೇಲಕ್ಕೇಳುತ್ತದೆ. ಅಷ್ಟು ತೂಕ ಎತ್ತುವುದು ಆ ಒಂದು ಬೆರಳು. ಆಕೆ ಬಾಗಿದ ಬೆರಳಿನ ಗೆಣ್ಣಿನಿಂದ ಒತ್ತುತ್ತಿದ್ದರು. ಎಡಗೈಯ ಬೇರೆ ಅಕ್ಷರಗಳನ್ನು ನಡುಬೆರಳಿನಿಂದಲೇ ಹೊಡೆಯುವುದನ್ನು ಕಲಿತುಬಿಟ್ಟಿದ್ದರು. ಶಿಫ್ಟ್ ಮಾತ್ರ ಬಗ್ಗುತ್ತಿರಲಿಲ್ಲ.

ಇನ್ಸ್ಟಿಟ್ಯೂಟಿನ ಯಜಮಾನರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರಲ್ಲಿ ನಾನೂ ಮಾತಾಡಿ ನೋಡಿದೆ. ಇರುವ ನಾಲ್ಕು ಕನ್ನಡ ಮೆಷಿನ್ನುಗಳಲ್ಲಿ ಒಂದನ್ನು ಒಬ್ಬರಿಗೋಸ್ಕರ ಬದಲಿಸಿದರೆ ಉಳಿದವರು ಅದರಲ್ಲಿ ಕಲಿಯುವುದು ಹೇಗೆ ಎಂದು ಕೇಳಿದರು. ಅದು ನ್ಯಾಯವಾದ ಮಾತೇ. ಪರೀಕ್ಷೆಗೆ ಸ್ವಂತ ಮೆಷಿನ್ ಹೊತ್ತುಕೊಂಡು ಬರುವವರೂ ಇದ್ದರು. ಹಾಗಾದರೆ ಆಕೆಗೆ ಸ್ವಂತದ್ದೊಂದು ಬೇಕು. ಕನ್ನಡದ ಹಳೇ ಮೆಷಿನ್ ಸಿಗುವುದು ಆಗಲೇ ಕಷ್ಟವಾಗಿತ್ತು.

ಹಳೇಬೀಡಿನಲ್ಲಿ ಕ್ರಯಪತ್ರ ಬರೆಯುತ್ತಿದ್ದ ಒಬ್ಬರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರ ಮೆಷಿನ್ನಿಗೆ ಒಮ್ಮೆ ರಿಬ್ಬನ್ ಹಾಕಿಕೊಟ್ಟ ನೆನಪು ನನಗಿತ್ತು. ಒಂದು ಭಾನುವಾರ ಹೋದೆ. ಅವರ ಮಗನದು ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ. ಇದೆಯೋ ಇಲ್ಲವೋ ಗೊತ್ತಿಲ್ಲ ಎನ್ನುತ್ತಾ ಅಟ್ಟ ಹತ್ತಿ, ಹಳೆಯ ಗೋಣಿಚೀಲಗಳ ಅಡಿಯಿಂದ ಅದನ್ನು ಎಳೆದು ಕೊಟ್ಟ. ಕನ್ನಡದ ಮೆಷಿನ್ನುಗಳು ಬಂದ ಹೊಸದರಲ್ಲಿ ಕೊಂಡದ್ದಿರಬೇಕು. ಸೂರು ಸೋರಿ ಬಲಭಾಗವೆಲ್ಲ ತುಕ್ಕು ಹಿಡಿದಿತ್ತು. ಅಕ್ಷರದ ಕಡ್ಡಿಗಳ ನಡುವೆ ಇಲಿ ಗೂಡು ಕಟ್ಟಿ ಬಿಟ್ಟುಹೋಗಿತ್ತು. ರೋಲರಿನ ರಬ್ಬರು ಕಲ್ಲಾಗಿತ್ತು. ಕ್ಯಾರೇಜನ್ನು ಕೈಯಿಂದ ತಳ್ಳಿದರೂ ಅಲುಗಲಿಲ್ಲ.

"ತಗಂಡೋಗಿ. ಅಪ್ಪಂದು ಅಂತ ಇಟ್ಕಂಡಿದ್ದೆ. ನಮ್ಮನೇಲಿ ಇನ್ಯಾರು ಬರೀತಾರೆ" ಎಂದ.

ಗೋಣಿಯಲ್ಲಿ ಸುತ್ತಿ ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ತಂದೆ. ಕಾಲಮೇಲೆ ಇಟ್ಟುಕೊಂಡು ಕೂತವನಿಗೆ ಇಳಿಯುವ ಹೊತ್ತಿಗೆ ಎರಡೂ ತೊಡೆ ಜೋಮು ಹಿಡಿದಿತ್ತು.

ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಮೊದಲು ಕ್ಯಾರೇಜು, ರೋಲರು, ರಿಬ್ಬನ್ನಿನ ಬಟ್ಟಲು ಎಲ್ಲ ಬಿಚ್ಚಿ, ಉಳಿದ ದೇಹವನ್ನು ಸೀಮೆಎಣ್ಣೆ ತುಂಬಿದ ತಗಡಿನ ತೊಟ್ಟಿಯಲ್ಲಿ ನಾಲ್ಕು ದಿನ ಮುಳುಗಿಸಿಟ್ಟೆ. ಅಕ್ಷರದ ಕಡ್ಡಿಗಳು ಕೂರುವ ಸೀಳುಗಳಲ್ಲಿ ಹಳೇ ಎಣ್ಣೆ ಒಣಗಿ ಅಂಟಿನಂತಾಗಿತ್ತು. ಅದನ್ನು ಒಂದೊಂದಾಗಿ ಸೂಜಿಯಿಂದ ಕೆರೆದು ತೆಗೆಯಬೇಕು. ಆತುರಪಟ್ಟು ಅಗಲ ಮಾಡಿದರೆ ಕಡ್ಡಿ ಅಲ್ಲಾಡಿ ಅಕ್ಷರ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬೀಳುತ್ತದೆ. ಬೆಳಗ್ಗೆ ಬಂದ ತುರ್ತು ಕೆಲಸ ಮುಗಿಸಿ ದಿನಕ್ಕೆ ಏಳೆಂಟು ಸೀಳು ಮಾತ್ರ ಮಾಡಿದೆ. ಕ್ಯಾರೇಜನ್ನು ಎಳೆಯುವ ಸ್ಪ್ರಿಂಗು ಡಬ್ಬಿಯೊಳಗೆ ತುದಿಯಲ್ಲಿ ಸೀಳಿತ್ತು. ಸೀಳಿದಷ್ಟನ್ನು ಕತ್ತರಿಸಿ, ಹೊಸ ತುದಿಯನ್ನು ಕಾಯಿಸಿ ಮೆದು ಮಾಡಿ, ತೂತು ಕೊರೆದು ಕೊಂಡಿಗೆ ಸಿಕ್ಕಿಸಿದೆ. ಮೊದಲನೆಯ ಸಲ ಹೆಚ್ಚು ಕಾಯಿತು, ಸುತ್ತುವಾಗ ಮುರಿಯಿತು. ಮತ್ತೆ ಕತ್ತರಿಸಿದೆ. ಇನ್ನೊಂದು ಸಲ ಮುರಿದಿದ್ದರೆ ಉದ್ದ ಸಾಲುತ್ತಿರಲಿಲ್ಲ. ರೋಲರನ್ನು ನನ್ನ ಗುಜರಿಯಲ್ಲಿದ್ದ ಬೇರೊಂದು ಮೆಷಿನ್ನಿನಿಂದ ತೆಗೆದು ಹಾಕಿದೆ. ಅದು ಸ್ವಲ್ಪ ಗಿಡ್ಡ, ಎರಡೂ ಬದಿಗೆ ವಾಷರ್ ಕೊಟ್ಟು ಕೂರಿಸಿದೆ.

ಒತ್ತಕ್ಷರಗಳು ಹೆಚ್ಚು ಕಾಡಿದವು. ಒತ್ತು ಹೊಡೆದಾಗ ಕ್ಯಾರೇಜು ಕದಲಬಾರದು, ಅದು ಮೇಲಿನ ಅಕ್ಷರದ ಕೆಳಗೇ ಬೀಳಬೇಕು. ಈ ಮೆಷಿನ್ನಿನಲ್ಲಿ ತುಕ್ಕಿನಿಂದ ಆ ತಡೆ ಸವೆದು ಹೋಗಿತ್ತು. 'ಅಮ್ಮ' ಎಂದು ಹೊಡೆದರೆ ಮಕಾರದ ಒತ್ತು ಪಕ್ಕದ ಮನೆಗೆ ಹೋಗಿ ನಿಲ್ಲುತ್ತಿತ್ತು. ಹಿತ್ತಾಳೆಯ ಚೂರು ಬೆಸುಗೆ ಹಾಕಿ ಅರದಿಂದ ಉಜ್ಜಿ, ಹಾಕಿ ನೋಡಿ, ತೆಗೆದು ಮತ್ತೆ ಉಜ್ಜಿ, ಒಂದು ವಾರದಲ್ಲಿ ಸರಿಹೋಯಿತು.

ಆಕೆ ಕಚೇರಿ ಬಿಟ್ಟ ಮೇಲೆ ದಿನಾ ಬಂದು ಹತ್ತು ನಿಮಿಷ ನಿಂತು ನೋಡಿ ಹೋಗುತ್ತಿದ್ದರು. ಎಷ್ಟಾಯಿತು ಎಂದು ಕೇಳುತ್ತಿರಲಿಲ್ಲ. ಮೆಷಿನ್ ಒಂದು ಸಾಲನ್ನು ನೆಟ್ಟಗೆ ಹೊಡೆದ ದಿನ ಆಕೆಯನ್ನು ಕೂರಿಸಿದೆ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಹೊಡೆದರು. ಶಿಫ್ಟ್ ಬಂದಾಗಲೆಲ್ಲ ಕೈ ನಿಂತಿತು.

ಅಲ್ಲಿಂದ ನನ್ನ ನಿಜವಾದ ಕೆಲಸ ಶುರುವಾಯಿತು. ಶಿಫ್ಟಿನ ಸ್ಪ್ರಿಂಗುಗಳನ್ನು ಬದಲಿಸಿ ಕ್ಯಾರೇಜಿನ ತೂಕ ಆದಷ್ಟೂ ಬೆರಳಿಗೆ ತಾಗದಂತೆ ಮಾಡಿದೆ. ಹಗುರವಾಯಿತು, ಆದರೆ ಬಿಟ್ಟಾಗ ಕ್ಯಾರೇಜು ತಕ್ಷಣ ಕೆಳಗಿಳಿಯಲಿಲ್ಲ. ವೇಗ ಹೆಚ್ಚಿಸಿದರೆ ಮುಂದಿನ ಅಕ್ಷರ ಅರ್ಧಕ್ಕೆ ಕತ್ತರಿಸಿ ಬೀಳುತ್ತಿತ್ತು. ಹಳೆಯ ಸ್ಪ್ರಿಂಗುಗಳನ್ನೇ ಹಾಕಿ, ಎಡಗಡೆಯ ಶಿಫ್ಟ್ ಕೀಗೆ ಉದ್ದನೆಯ ತಗಡಿನ ನಾಲಿಗೆ ಬೆಸೆದು ಮಣಿಕಟ್ಟಿನಿಂದ ಒತ್ತುವಂತೆ ಮಾಡಿದೆ. ಮಣಿಕಟ್ಟು ಇಳಿದಾಗ ಕೈಯೇ ಜಾರಿ ಬೇರೆ ಅಕ್ಷರ ಬೀಳುತ್ತಿತ್ತು. ಹತ್ತು ದಿನ ಅದರಲ್ಲೇ ಕಳೆಯಿತು. ಒಂದು ಸಂಜೆ ಆ ತಗಡನ್ನು ಇಕ್ಕಳದಿಂದ ಕಿತ್ತು ಮೇಜಿನ ಮೇಲೆ ಎಸೆದೆ. ಇದು ಆಗುವ ಕೆಲಸವಲ್ಲ ಎಂದು ಬಾಯಿಬಿಟ್ಟು ಹೇಳಿದೆ.

ಆಕೆ ಸ್ಟೂಲಿನ ಮೇಲೆ ಕೂತಿದ್ದರು. "ನಮ್ಮ ಮಿಲ್ನಲ್ಲಿ ಮೊದ್ಲು ಹುರಿ ಹೊಸೆಯೋ ರಾಟೆ ಇತ್ತು ಸಾರ್. ಕಾಲಲ್ಲೇ ತುಳೀಬೇಕಿತ್ತು. ನಂಗೆ ಕಾಲು ಚೆನ್ನಾಗೈತೆ" ಎಂದರು.

ಮರುದಿನ ಬೆಳಗ್ಗೆ ಸೈಕಲ್ ಶಾಪಿಗೆ ಹೋಗಿ ಬ್ರೇಕಿನ ವೈರನ್ನು ಹೊರಗಿನ ಕವಚದ ಸಮೇತ ತಂದೆ. ವೈರಿನ ಒಂದು ತುದಿಯನ್ನು ಮೆಷಿನ್ನಿನೊಳಗಿನ ಶಿಫ್ಟಿನ ಸನ್ನೆಕೋಲಿಗೆ ಕಟ್ಟಿದೆ. ಇನ್ನೊಂದು ತುದಿ ಮೇಜಿನ ಎಡ ಅಂಚಿನಿಂದ ಇಳಿದು ನೆಲದ ಮೇಲಿನ ಮರದ ಪೆಡಲಿಗೆ ಹೋಯಿತು. ಪೆಡಲ್ ಎಂದರೆ ಎರಡು ಹಲಗೆ, ನಡುವೆ ಬಾಗಿಲಿನ ಒಂದು ಕೀಲು. ತುಳಿದರೆ ವೈರು ಎಳೆದು ಕ್ಯಾರೇಜು ಏಳುತ್ತಿತ್ತು. ಮೊದಲು ಕವಚ ಬಾಗಿ ಅರ್ಧ ಎಳೆತ ಅದರಲ್ಲೇ ಹೋಗುತ್ತಿತ್ತು. ಅದನ್ನು ಮೆಷಿನ್ನಿನ ತಳಕ್ಕೆ ಪಟ್ಟಿ ಹೊಡೆದು ಬಿಗಿದೆ. ಆಮೇಲೆ ಕ್ಯಾರೇಜು ಒಂದು ಗಳಿಗೆ ತಡವಾಗಿ ಏಳುತ್ತಿತ್ತು, ಅಷ್ಟರಲ್ಲಿ ಅಕ್ಷರ ಬಿದ್ದಿರುತ್ತಿತ್ತು. ಬ್ರೇಕನ್ನು ಬಿಗಿ ಮಾಡುವ ತಿರುಪನ್ನು ವೈರಿನ ಮಧ್ಯೆ ಹಾಕಿ ಸಡಿಲವನ್ನೆಲ್ಲ ಎಳೆದ ಮೇಲೆ ಅದೂ ಹೋಯಿತು. ಕೀಗಳ ಜೋಡಣೆಯನ್ನು ನಾನು ಮುಟ್ಟಲಿಲ್ಲ, ಎಡಬಲದ ಶಿಫ್ಟ್ ಕೀಗಳೂ ಇದ್ದ ಹಾಗೆಯೇ ಇದ್ದವು. ಕಾಲಿಗೊಂದು ದಾರಿ ಹೆಚ್ಚಾಯಿತು, ಅಷ್ಟೇ.

ಆಕೆ ಚಪ್ಪಲಿ ಬಿಟ್ಟು ಕೂತರು. ಮೊದಲ ದಿನ ಕಾಲು ಮತ್ತು ಕೈ ಜಗಳವಾಡಿದವು. ನಾಲ್ಕನೆಯ ದಿನ ನಾನು ಬೇರೊಂದು ಮೆಷಿನ್ನಿನ ತಿರುಪು ಬಿಗಿಯುತ್ತಾ ಅತ್ತ ತಿರುಗಿ ಕೂತಿದ್ದೆ. ಬೆನ್ನ ಹಿಂದಿನ ಸದ್ದು ಎಲ್ಲೂ ನಿಲ್ಲದೆ ಒಂದು ಸಾಲಿನ ಉದ್ದಕ್ಕೂ ಹೋಯಿತು. ಗಂಟೆ ಹೊಡೆಯಿತು, ಕ್ಯಾರೇಜು ಹಿಂದಕ್ಕೆ ಬಂತು, ಮತ್ತೆ ಹೋಯಿತು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಕೈ ತಪ್ಪೀತು ಎನ್ನಿಸಿತು.

ಮೆಷಿನ್ನನ್ನು ಆಟೋದಲ್ಲಿ ಆಕೆಯ ಮನೆಗೆ ಸಾಗಿಸಿದೆವು. ಒಂದು ಕೋಣೆ, ಒಂದು ಅಡಿಗೆಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಗಂಡನ ಫೋಟೋ. ಮನೆಯಲ್ಲಿ ಅತ್ತೆ ಇದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಬೆಳಗ್ಗೆ ಕಚೇರಿಗೆ ಹೊರಡುವ ಮುನ್ನ ಸೊಸೆ ಹೊಡೆಯುವಾಗ ಗಡಿಯಾರ ಹಿಡಿದು ಕೂರುವುದು ಅವರ ಕೆಲಸ. ಉದ್ದನೆಯ ಮುಳ್ಳು ಎರಡರಲ್ಲಿದ್ದಾಗ ಶುರು, ನಾಲ್ಕಕ್ಕೆ ಬಂದಾಗ ನಿಲ್ಲು. ಪರೀಕ್ಷೆಯ ವೇಗದ ಹಾಳೆಗೆ ಇರುವುದು ಅದೇ ಹತ್ತು ನಿಮಿಷ. ವೈರು ಬಿಗಿ ಮಾಡಲು ಹೋದಾಗಲೆಲ್ಲ ಆ ಅಜ್ಜಿ ರೆಪ್ಪೆ ಮಿಟುಕಿಸದೆ ಗಡಿಯಾರ ನೋಡುತ್ತಾ ಕೂತಿರುವುದನ್ನು ಕಂಡೆ. "ಬಂತು ಕಣವ್ವ" ಎನ್ನುತ್ತಿದ್ದರು, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಮೊದಲು ಹಾಳೆಗೆ ಮೂವತ್ತು ತಪ್ಪು ಬೀಳುತ್ತಿದ್ದವು. ಪರೀಕ್ಷೆಯ ಹಿಂದಿನ ವಾರ ಎಂಟಕ್ಕೆ ಇಳಿದವು. ಹಾಳೆ ಪೂರ್ತಿಯಾಗುತ್ತಿತ್ತು. ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಹಾಳೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಹಾಳೆ ಪಾಸಾಗೋ ಹಾಳೆನೇ. ಆ ಪೆಡಲ್ಲು ಪಾಸಾಗುತ್ತಾ ನೋಡು. ರೂಲಿನಲ್ಲಿ ಬರೀದೆ ಇರೋದನ್ನ ಮಂಡಳಿಯವ್ರು ಇಲ್ಲ ಅಂತಲೇ ಓದ್ತಾರೆ ಕಣಯ್ಯ" ಎಂದರು.

ಸರ್ಕಾರಿ ಜೋಡಣೆಯ ಕೀಬೋರ್ಡ್ ಇರಬೇಕು, ಅಷ್ಟೇ ತಾನೇ ನಿಯಮ, ಅದಿದೆಯಲ್ಲ ಎಂದು ವಾದಿಸಿದೆ. ಮೇಷ್ಟ್ರು ಹಾಳೆಯನ್ನು ವಾಪಸು ಕೊಟ್ಟರು. ಮೊದಲೇ ಪರೀಕ್ಷಾ ಮಂಡಳಿಗೆ ಬರೆದು ಅನುಮತಿ ಕೇಳಬಹುದಿತ್ತು. ಕೇಳಿದರೆ ಕೈಯ ವಿಷಯ ಹೇಳಬೇಕಾಗುತ್ತಿತ್ತು. ಆಕೆ ಬೇಡವೆಂದರು, ನಾನೂ ಹೂಂ ಎಂದೆ.

ಪರೀಕ್ಷೆ ನಡೆದದ್ದು ಊರಿನ ಒಂದು ಹೈಸ್ಕೂಲಿನ ಹಾಲಿನಲ್ಲಿ. ಕೇಂದ್ರದ ಮೆಕ್ಯಾನಿಕ್ ಆಗಿ ನಾನೇ ಇದ್ದೆ. ಯಾರದಾದರೂ ಮೆಷಿನ್ ಕೈಕೊಟ್ಟರೆ ಓಡಿಹೋಗಿ ಸರಿಮಾಡುವುದು ನನ್ನ ಕೆಲಸ. ಬೆಂಚುಗಳ ಮೇಲೆ ಇಪ್ಪತ್ತೆಂಟು ಮೆಷಿನ್ನು ಸಾಲಾಗಿ ಇಟ್ಟಿದ್ದರು. ಆಕೆಯದು ಎಡಗಡೆಯ ಗೋಡೆಯ ಬಳಿ ಕೊನೆಯದು. ಪೆಡಲನ್ನು ಬೆಂಚಿನ ಕೆಳಗಿಟ್ಟು, ವೈರು ಕಾಣದಂತೆ ಗೋಡೆಯ ಬದಿಗೆ ಸರಿಸಿದ್ದೆ.

ಹೊರಗಿನ ಊರಿನಿಂದ ಬಂದ ಮುಖ್ಯ ಅಧೀಕ್ಷಕರು ಶುರುವಾಗುವುದಕ್ಕೆ ಕಾಲು ಗಂಟೆ ಮೊದಲು ಒಂದೊಂದೇ ಮೆಷಿನ್ ನೋಡುತ್ತಾ ಬಂದರು. ವಯಸ್ಸಾದವರು, ಮೆತ್ತನೆಯ ಮಾತು. ಆಕೆಯ ಹತ್ತಿರ ಬಂದಾಗ ಬಗ್ಗಿ ನೋಡಿ ಇದೇನು ಎಂದು ಕೇಳಿದರು. ನಾನು ಮುಂದೆ ಹೋಗಿ ವಿವರಿಸಿದೆ. ತುಳಿದು ತೋರಿಸಿದೆ. ಅವರಿಗೆ ಅದು ಇಷ್ಟವಾದಂತೆಯೇ ಕಂಡಿತು, ತಾವೂ ಒಮ್ಮೆ ಷೂನಿಂದ ತುಳಿದು ನೋಡಿದರು. ಆಮೇಲೆ ಆಕೆಯ ಕೈ ನೋಡಬೇಕೆಂದರು. ಆಕೆ ತೋರಿಸಿದರು.

ಅವರು ಜೇಬಿನಿಂದ ನಿಯಮದ ಪುಸ್ತಕ ತೆಗೆದು ಎರಡು ಪುಟ ಓದಿ ಮಡಚಿದರು. ಇದನ್ನು ಬೇಡ ಎನ್ನಲು ತಮಗೆ ಅಧಿಕಾರವಿಲ್ಲ, ಸರಿ ಎನ್ನಲೂ ಇಲ್ಲ ಎಂದರು. ಎರಡು ದಾರಿಯಿದೆ. ಪೆಡಲ್ ಬಿಚ್ಚಿ ಎಲ್ಲರ ಹಾಗೆ ಬರೆಯಬಹುದು, ಆಗ ತಾವು ವರದಿಯಲ್ಲಿ ಏನೂ ಬರೆಯುವುದಿಲ್ಲ, ನೋಡಿದ್ದನ್ನು ಮರೆಯುತ್ತಾರೆ. ಇಲ್ಲವೇ ಪೆಡಲ್ ಇಟ್ಟುಕೊಂಡೇ ಬರೆಯಬಹುದು, ಆದರೆ ಕಂಡದ್ದನ್ನು ಕಂಡ ಹಾಗೆ ವರದಿಯಲ್ಲಿ ಬರೆಯಬೇಕಾಗುತ್ತದೆ, ಮುಂದಿನದು ಮಂಡಳಿಗೆ ಬಿಟ್ಟದ್ದು. "ನೀವೇ ಯೋಚ್ನೆ ಮಾಡಿ ಹೇಳಿ ತಾಯಿ" ಎಂದು ಮುಂದಿನ ಸಾಲಿಗೆ ಹೋದರು.

ಹತ್ತು ನಿಮಿಷವಿತ್ತು. ಪೆಡಲ್ ಬಿಚ್ಚಲು ಎರಡು ನಿಮಿಷ ಸಾಕು, ಸ್ಪ್ಯಾನರ್ ನನ್ನ ಜೇಬಿನಲ್ಲೇ ಇತ್ತು. ಬಿಚ್ಚಿದರೆ ಆಕೆ ಫೇಲಾಗುವುದು ಹೆಚ್ಚುಕಡಿಮೆ ಖಂಡಿತ. ಆದರೆ ಬರೀ ಫೇಲು. ಆರು ತಿಂಗಳಿಗೆ ಮತ್ತೊಂದು ಪರೀಕ್ಷೆಯಿದೆ, ಕೊಟ್ಟ ವರ್ಷದೊಳಗೇ ಬರುತ್ತದೆ, ಅಷ್ಟರಲ್ಲಿ ಅನುಮತಿಗೋ ಇನ್ನೊಂದಕ್ಕೋ ಓಡಾಡಬಹುದು. ಇದೆಲ್ಲ ಈಗ ಬರೆಯುವಾಗ ಹೊಳೆದದ್ದಲ್ಲ. ಅಲ್ಲಿ ನಿಂತಾಗಲೇ ಗೊತ್ತಿತ್ತು.

ಆಕೆ ನನ್ನನ್ನು ನೋಡಿದರು. "ನೀವೇಳಿ ಸಾರ್" ಎಂದರು.

"ಹಂಗೇ ಇರ್ಲಿ ಅಮ್ಮ. ನಿಮ್ಮ ಹಾಳೆ ನೋಡಿದ್ರೆ ಯಾರೂ ಬೇಡ ಅನ್ನಲ್ಲ" ಎಂದೆ.

ಯಾಕೆ ಹಾಗಂದೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆಕೆಯ ಮೇಲಿನ ನಂಬಿಕೆ ಎಂದುಕೊಂಡರೆ ಸಮಾಧಾನವಾಗುತ್ತದೆ. ಪೂರಾ ನಿಜವಲ್ಲ. ಎರಡೂವರೆ ತಿಂಗಳು ಮೈಮುರಿದು ಮಾಡಿದ ವಸ್ತು ಬೆಂಚಿನ ಕೆಳಗಿತ್ತು. ಅದು ಇಪ್ಪತ್ತೇಳು ಮೆಷಿನ್ನುಗಳ ನಡುವೆ ಓಡುವುದನ್ನು ನಾನು ನೋಡಬೇಕಿತ್ತು. ಸ್ಪ್ಯಾನರನ್ನು ಹೊರಗೆ ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಆಕೆ ಸರಿ ಎಂದು ಚಪ್ಪಲಿ ಬಿಟ್ಟು ಕೂತರು.

ಗಂಟೆ ಬಾರಿಸಿತು. ಇಪ್ಪತ್ತೆಂಟು ಮೆಷಿನ್ನುಗಳು ಒಟ್ಟಿಗೆ ಶುರುವಾದಾಗ ತಗಡಿನ ಮಾಡಿನ ಮೇಲೆ ಕಲ್ಲು ಸುರಿದ ಹಾಗಿರುತ್ತದೆ. ಅದರೊಳಗೆ ಒಂದನ್ನು ಬೇರೆಯಾಗಿ ಕೇಳಲಾಗುವುದಿಲ್ಲ. ನಾನು ಗೋಡೆಗೊರಗಿ ಆಕೆಯ ಪಾದವನ್ನೇ ನೋಡುತ್ತಿದ್ದೆ. ಅದು ಏಳುತ್ತಾ ಇಳಿಯುತ್ತಾ ಇತ್ತು, ಎಲ್ಲೂ ತಡವರಿಸಲಿಲ್ಲ. ಮಧ್ಯದಲ್ಲಿ ಮೂರನೇ ಸಾಲಿನ ಒಬ್ಬ ಹುಡುಗಿಯ ರಿಬ್ಬನ್ ಸಿಕ್ಕಿಕೊಂಡು ಅತ್ತ ಓಡಿದೆ. ತಿರುಗಿ ಬರುವಷ್ಟರಲ್ಲಿ ಆಕೆ ಕೊನೆಯ ಪ್ಯಾರಾದಲ್ಲಿದ್ದರು. ನಿಲ್ಲಿಸುವ ಗಂಟೆ ಬಾರಿಸಿದಾಗ ಹಾಳೆ ಮುಗಿಸಿ ಕೈಕಟ್ಟಿ ಕೂತಿದ್ದರು. ಆಮೇಲಿನ ಪತ್ರದ ಹಾಳೆಯೂ ಹಾಗೆಯೇ ಆಯಿತು. ಹೊರಗೆ ಬಂದಾಗ ಆಕೆಯ ಮುಖದಲ್ಲಿ ನಾನು ಮೊದಲು ಕಾಣದ ಒಂದು ಕಳೆಯಿತ್ತು. ಅವತ್ತು ನನಗೂ ಊಟ ರುಚಿಸಿತು.

ಎರಡು ತಿಂಗಳಾದ ಮೇಲೆ ಫಲಿತಾಂಶ ಬಂತು. ಮೇಷ್ಟ್ರು ಪಟ್ಟಿಯನ್ನು ಬೋರ್ಡಿಗೆ ಅಂಟಿಸುವ ಮೊದಲು ನನ್ನನ್ನು ಮೇಲಕ್ಕೆ ಕರೆದರು. ಆಕೆಯ ನಂಬರಿನ ಮುಂದೆ 'ತಡೆಹಿಡಿಯಲಾಗಿದೆ' ಎಂದಿತ್ತು. ಮೇಷ್ಟ್ರು ಹಿಂದೆ ಹೇಳಿದ್ದನ್ನು ನೆನಪಿಸಲಿಲ್ಲ. ಒಂದು ಲೋಟ ಕಾಫಿ ತರಿಸಿಕೊಟ್ಟರು.

ನಾನು ಬೆಂಗಳೂರಿನ ಮಂಡಳಿಯ ಕಚೇರಿಗೆ ಎರಡು ಸಲ ಹೋದೆ. ಪೆಡಲಿನ ಚಿತ್ರ ಬರೆದು, ಕೀಬೋರ್ಡಿಗೆ ಯಾವ ಬದಲಾವಣೆಯೂ ಆಗಿಲ್ಲ ಎಂದು ವಿವರ ಬರೆದು ಸಹಿ ಹಾಕಿ ಕೊಟ್ಟೆ. ಅಲ್ಲಿನ ಗುಮಾಸ್ತ ತಾಳ್ಮೆಯಿಂದ ಕೇಳಿಸಿಕೊಂಡು, ಕಡತ ಮೇಲೆ ಹೋಗಿದೆ ಎಂದ. ಎರಡನೇ ಸಲ ಹೋದಾಗ ಕಡತ ಇನ್ನೂ ಮೇಲೆಯೇ ಇತ್ತು.

ಆದೇಶ ಬರುವ ಹೊತ್ತಿಗೆ ಮುಂದಿನ ಪರೀಕ್ಷೆಗೆ ಅರ್ಜಿ ಕರೆದಿದ್ದರು. ಅನುಮತಿಯಿಲ್ಲದ ಸಾಧನ ಬಳಸಿದ್ದರಿಂದ ಆಕೆಯ ಪರೀಕ್ಷೆ ರದ್ದು, ಮುಂದಿನ ಎರಡು ಪರೀಕ್ಷೆಗಳಿಗೆ ಕೂರುವಂತಿಲ್ಲ. ಎರಡು ಪರೀಕ್ಷೆ ಎಂದರೆ ಒಂದು ವರ್ಷ. ಆಕೆಗೆ ಉಳಿದಿದ್ದದ್ದು ನಾಲ್ಕು ತಿಂಗಳು. ಅಷ್ಟೇ ಆಗಿದ್ದರೂ ಕಚೇರಿಯವರ ಕಾಲು ಹಿಡಿದು ಇನ್ನಷ್ಟು ಅವಧಿ ಕೇಳಬಹುದಿತ್ತೇನೋ. ಆದೇಶದ ಪ್ರತಿ ಕಚೇರಿಗೂ ಹೋಗಿತ್ತು, ಅಧೀಕ್ಷಕರ ವರದಿ ಅದರ ಜೊತೆಗಿತ್ತು. ಆ ಮನುಷ್ಯರು ಹೇಳಿದಂತೆಯೇ ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು. 'ಎಡಗೈಯ ಎರಡು ಬೆರಳುಗಳು ಸ್ವಾಧೀನದಲ್ಲಿಲ್ಲ.'

ಕಚೇರಿ ಆಕೆಯನ್ನು ವೈದ್ಯಕೀಯ ಪರೀಕ್ಷೆಗೆ ಕಳಿಸಿತು. ಬೆರಳಚ್ಚು ಹುದ್ದೆಗೆ ಅನರ್ಹ ಎಂದು ಡಾಕ್ಟರು ಬರೆದರು. ಕೆಲಸದಿಂದ ತೆಗೆಯುವ ಬದಲು ಕೆಳಗಿನ ದರ್ಜೆಯಲ್ಲಿ ಖಾಲಿಯಿರುವ ಜಾಗ ಒಪ್ಪುತ್ತೀರಾ ಎಂದು ಕೇಳಿದರು. ಒಪ್ಪದೆ ಬೇರೆ ಏನಿತ್ತು. ಬೇಲೂರಿನ ಕಚೇರಿಯಲ್ಲಿ ಅಟೆಂಡರ್ ಜಾಗ ಖಾಲಿಯಿತ್ತು. ಅತ್ತೆಯನ್ನು ಕರೆದುಕೊಂಡು ಹೊರಡುವ ಮುನ್ನ ಮೆಷಿನ್ನನ್ನು ಆಟೋದಲ್ಲಿ ತಂದು ಅಂಗಡಿಯಲ್ಲಿ ಇಳಿಸಿದರು. ಪೆಡಲನ್ನು ತಾವೇ ಬಿಚ್ಚಿ ವೈರನ್ನು ಸುರುಳಿ ಸುತ್ತಿ ತಂದಿದ್ದರು.

ನಾನು ಏನೋ ಹೇಳಲು ಹೋದೆ. ಅವತ್ತು ಬಿಚ್ಚಬೇಕಿತ್ತು, ನಾನು ತಪ್ಪು ಹೇಳಿದೆ ಎಂದು ತೊದಲಿದೆ. ಆಕೆ ವೈರಿನ ಸುರುಳಿಯನ್ನು ಮೇಜಿನ ಮೇಲಿಟ್ಟರು. ಒಂದೇ ಒಂದು ವಿಷಯ ವಿಚಾರಿಸಿಕೊಡಲು ಆಗುತ್ತದೆಯೇ ಎಂದು ಕೇಳಿದರು. ವೇಗದ ಹಾಳೆಯಲ್ಲಿ ಎಷ್ಟು ತಪ್ಪು ಬಿದ್ದಿದ್ದವು? ರದ್ದಾದದ್ದು ರದ್ದಾಯಿತು, ಲೆಕ್ಕ ಗೊತ್ತಾದರೆ ಸಾಕು.

ನಾನು ಮಂಡಳಿಗೆ ಬರೆದೆ. ಉತ್ತರ ಬರಲಿಲ್ಲ. ಮತ್ತೆ ಬರೆದೆ. ಮೂರನೇ ಪತ್ರಕ್ಕೆ ಏಳೆಂಟು ತಿಂಗಳಾದ ಮೇಲೆ ಎರಡು ಸಾಲಿನ ಉತ್ತರ ಬಂತು.

ಆ ಮೆಷಿನ್ ಅಂಗಡಿಯಲ್ಲೇ ಇತ್ತು. ಯಾರಾದರೂ ಕೊಳ್ಳುತ್ತಾರೇನೋ ಎಂದು ಒಂದು ವರ್ಷ ಎಣ್ಣೆ ಹಾಕಿ ಒರೆಸುತ್ತಿದ್ದೆ. ಆ ಹೊತ್ತಿಗೆ ಕಚೇರಿಗಳಿಗೆ ಕಂಪ್ಯೂಟರ್ ಬರತೊಡಗಿತ್ತು, ಮೇಷ್ಟ್ರೂ ಮಹಡಿಯಲ್ಲಿ ಎರಡನ್ನು ತಂದಿಟ್ಟಿದ್ದರು. ಕೊನೆಗೆ ಅಕ್ಷರದ ಕಡ್ಡಿಗಳನ್ನು ಬೇರೆ ಮೆಷಿನ್ನುಗಳಿಗೆ ಬಳಸಿಕೊಂಡು ಉಳಿದದ್ದನ್ನು ಗುಜರಿಗೆ ಹಾಕಿದೆ. ಅಷ್ಟೊಂದು ಜತನದಿಂದ ಕೂಡಿಸಿದ್ದನ್ನು ಬಿಚ್ಚಲು ಒಂದು ಮಧ್ಯಾಹ್ನ ಸಾಕಾಯಿತು.

ಬೇಲೂರಿನ ಆ ಕಚೇರಿಯಿಂದ ಮೆಷಿನ್ ಸರ್ವಿಸಿಗೆ ಕರೆ ಬಂದಾಗ ಮಂಡಳಿಯ ಉತ್ತರವನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಆಕೆ ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, ಕುಡಿಯಲು ನೀರು ತಂದುಕೊಟ್ಟರು. ಎಡಗೈ ಸೆರಗಿನೊಳಗಿರಲಿಲ್ಲ. ಇನ್ನು ಅದನ್ನು ಮುಚ್ಚಿಡುವ ಕಾರಣವೂ ಇರಲಿಲ್ಲ. ಅತ್ತೆಯ ಬಗ್ಗೆ ಕೇಳಿದೆ. ಮಳೆಗಾಲದಲ್ಲಿ ತೀರಿಕೊಂಡರು ಎಂದರು.

ಒಂದು ಗಳಿಗೆ, ಏಳು ತಪ್ಪಂತೆ, ಪಾಸಾಗುತ್ತಿದ್ದಿರಿ ಎಂದು ಹೇಳಿಬಿಡೋಣ ಎನ್ನಿಸಿತು. ಹೇಳಿದ್ದರೆ ನಂಬುತ್ತಿದ್ದರು. ಆದರೆ ನನ್ನ ಮಾತು ನಂಬಿ ಆಕೆಗೆ ಆಗಬೇಕಾದದ್ದು ಆಗಿತ್ತು. ಕಾಗದ ತೆಗೆದು ಕೊಟ್ಟೆ.

ಆಕೆ ಬಾಗಿಲ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ರದ್ದಾದ ಅಭ್ಯರ್ಥಿಗಳ ಉತ್ತರ ಪತ್ರಿಕೆಗಳನ್ನು ಮೌಲ್ಯಮಾಪನಕ್ಕೆ ಕಳುಹಿಸುವುದಿಲ್ಲ, ಅವಧಿ ಮುಗಿದಿದ್ದರಿಂದ ಸದರಿ ಹಾಳೆಗಳನ್ನು ನಾಶಪಡಿಸಲಾಗಿದೆ ಎಂದು ಅದರಲ್ಲಿತ್ತು.

"ನೋಡೇ ಇಲ್ವಾ" ಎಂದರು.

"ಇಲ್ಲ ಅಮ್ಮ."

"ನಂಗೆ ಗೊತ್ತಾಗಿದ್ದು ನಾಕು ಸಾರ್. ಎರಡು ಮೊದಲ್ನೇ ಪ್ಯಾರಾದಲ್ಲಿ, ಒಂದು ನಡುವೆ, ಒಂದು ಕೊನೆ ಸಾಲಲ್ಲಿ. ಇನ್ನೊಂದೆರಡು ಇದ್ರೂ ಇರ್ಬೋದು, ಹೊಡೀವಾಗ ಗೊತ್ತಾಗಲ್ಲ."

ಕಾಗದವನ್ನು ಮಡಿಸಿ ನನಗೇ ವಾಪಸು ಕೊಟ್ಟರು. ಒಳಗಿನಿಂದ ಗಂಟೆ ಬಾರಿಸಿತು. ಆಕೆ ಸ್ಟೂಲಿನ ಪಕ್ಕದಲ್ಲಿದ್ದ ಕಡತಗಳನ್ನು ಎತ್ತಿಕೊಂಡು ಒಳಗೆ ಹೋದರು. ಅವುಗಳನ್ನು ಎತ್ತಿಕೊಳ್ಳಲು ಆ ಕೈ ಸಾಕಾಗುತ್ತಿತ್ತು.